ತುಪ್ಪದ ಬಾಟಲಿಗೆ ನಾನಂಟಿಸಿದ ಚೀಟಿ

ದುಂಡಗೆ ಬರೆದದ್ದನ್ನೆಲ್ಲ ನಂಬಿಬಿಡುವುದು ನನ್ನ ಹಳೆಯ ಕಾಯಿಲೆ. ಹಿರಿಯೂರಿನಲ್ಲಿ ಮಕ್ಕಳ ಕಾಪಿ ತಿದ್ದಿ ತಿದ್ದಿ ಬಂದದ್ದು. ಮನೆಯ ಡಬ್ಬಿಗಳಿಗೆಲ್ಲ ಚೀಟಿ ಬರೆದು ಅಂಟಿಸುವವನು ನಾನೇ. ನನ್ನ ಹೆಂಡತಿ ಮಾತ್ರ ಚೀಟಿಯತ್ತ ಕಣ್ಣೂ ಹಾಯಿಸದೆ, ಮುಚ್ಚಳ ತೆಗೆದು ಮೂಸಿಯೇ ಒಗ್ಗರಣೆಗೆ ಹಾಕುತ್ತಾಳೆ. ಇಷ್ಟು ವರ್ಷವಾದರೂ ಆ ಅವಮಾನ ನನಗೆ ಅರಗಿಲ್ಲ.

ನಮ್ಮ ಬೀದಿಗೆ ತುಪ್ಪ ತರುವವಳು ಆದಿವಾಲದ ಗಂಗಮ್ಮ, ಕುರಿ ಸಾಕುವ ಮನೆಯವಳು. ಅವಳ ತುಪ್ಪವನ್ನು ಬಾಟಲಿಗೆ ತುಂಬಿ, ‘ಶುದ್ಧ ನಾಟಿ ಹಸುವಿನ ತುಪ್ಪ’ ಎಂದು ಬರೆದಂಟಿಸಿ, ನೆಂಟರಿಗೆಲ್ಲ ಹಂಚಿ ಮೆರೆಯುತ್ತಿದ್ದೆ. ಹೋದ ತಿಂಗಳು ಹೊಸದುರ್ಗದಿಂದ ಬಂದ ನನ್ನ ಭಾವಮೈದ ಬಾಟಲಿ ಮೂಸಿ, ಇದು ಹಸುವಿನದಲ್ಲವೇ ಅಲ್ಲ, ಏನೋ ಬೆರೆಸಿದ್ದಾರೆ ಎಂದುಬಿಟ್ಟ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಮರುದಿನ ಗಂಗಮ್ಮನಿಗೆ ಯಾರೂ ಬಾಗಿಲು ತೆಗೆಯಲಿಲ್ಲ. ಅವಳು ನೇರ ನಮ್ಮ ಗೇಟಿಗೆ ಬಂದಳು.

“ನಾನು ಕಲಬೆರಕೆ ಮಾಡಾಳಾ, ಮೇಷ್ಟ್ರೇ? ನೀವೇ ಹೇಳ್ರಿ.”

ನಾನು ಒಳಗೆ ಹೋಗಿ ಬಾಟಲಿಯ ಚೀಟಿಯನ್ನೇ ಮತ್ತೊಮ್ಮೆ ಓದಿ ಬಂದೆ.

ಅಷ್ಟರಲ್ಲೇ ಪೇಪರಿನಲ್ಲಿ ಬಂತು ನೋಡಿ! ಯಾವ ತುಪ್ಪ ಯಾವ ಪ್ರಾಣಿಯದು, ಹೊರಗೆ ಬರೆದದ್ದೇ ಒಳಗಿದೆಯೇ ಎಂದು ಹೇಳುವ ಯಂತ್ರವನ್ನು ಸರ್ಕಾರದ ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರಂತೆ. ಅದರ ವ್ಯಾನು ನಮ್ಮೂರಿಗೇ ಬರುತ್ತದಂತೆ. ನನ್ನ ಸಂಭ್ರಮ ಕೇಳಬೇಡಿ. ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು, ಬಾಟಲಿ ಅಪ್ಪಿಕೊಂಡು, ಗಂಗಮ್ಮನನ್ನೂ ಹೊರಡಿಸಿಕೊಂಡು ವ್ಯಾನು ಬಂದ ದಿನ ಬೆಳಿಗ್ಗೆಯೇ ಓಡಿದೆ. ಹಿಂದೆ ಅರ್ಧ ಬೀದಿ. ವ್ಯಾನಿನಲ್ಲಿದ್ದ ಮೇಡಂ ಒಂದು ಹನಿ ತುಪ್ಪವನ್ನು ಯಂತ್ರಕ್ಕಿಟ್ಟರು. ಪರದೆಯ ಮೇಲೆ ಗೆರೆಗಳು ಕುಣಿದವು. ನನ್ನ ಎದೆಯೂ ಕುಣಿಯಿತು. ಗಂಗಮ್ಮ ಸೆರಗು ಬಿಗಿಹಿಡಿದು ನಿಂತಿದ್ದಳು.

ಎಣ್ಣೆ ಇಲ್ಲ, ಡಾಲ್ಡಾ ಇಲ್ಲ, ತುಪ್ಪ ಅಪ್ಪಟ ಎಂದರು ಮೇಡಂ. ಆದರೆ ಇದು ಪೂರ್ತಿ ಕುರಿ ಹಾಲಿನದು ಎಂದರು.

“ಮತ್ತಿನ್ನೇನು? ಮಂದೆ ತುಪ್ಪ ಅಂತ ಹೇಳೇ ಕೊಡ್ತಿದ್ದೆನಲ್ರಿ,” ಎಂದಳು ಗಂಗಮ್ಮ. “ನಮ್ ಮಂದೇಲಿ ಇರಾವೆಲ್ಲ ಕುರೀನೇ. ಮನೇಲಿ ಒಂದು ಹಸಾನೂ ಇಲ್ಲ.”

ಅಯ್ಯೋ ಶಿವನೇ! ನಾಲ್ಕು ವರ್ಷದಿಂದ ನನ್ನ ಕಿವಿಗೆ ಅದು ‘ಮಂದ ತುಪ್ಪ’ ಎಂದೇ ಬೀಳುತ್ತಿತ್ತು. ತುಪ್ಪವೂ ಗಟ್ಟಿಯಾಗಿಯೇ ಇರುತ್ತಿತ್ತಲ್ಲ, ಅನುಮಾನ ಹೇಗೆ ಬರಬೇಕು?

ಬೀದಿಯ ಹೆಂಗಸರು ಅಲ್ಲೇ ಗಂಗಮ್ಮನನ್ನು ಸುತ್ತುವರಿದು, ನಾಳೆಯಿಂದ ಮೊದಲು ನಮ್ಮನೆಗೇ ಬಾ ಎಂದು ಜಗ್ಗಾಡತೊಡಗಿದರು. ಅವಳ ಮುಖ ಅರಳಿದ್ದು ಕಂಡು ನನಗೂ ಕಣ್ಣು ತುಂಬಿ ಬಂತು. ಮೆಲ್ಲಗೆ ಜಾರಿಕೊಳ್ಳುವುದರಲ್ಲಿದ್ದೆ. ಮೇಡಂ ಕರೆದರು. ತಪ್ಪು ಚೀಟಿ ಅಂಟಿಸಿದವರ ವಿವರವನ್ನೂ ಅವರು ಬರೆದುಕೊಳ್ಳಬೇಕಂತೆ.

“ಅಕ್ಷರ ಬಾಳ ಚೆಂದ ಐತೆ,” ಎಂದರು ಅವರು. “ಯಾರದು?”

ನನ್ನ ಅಕ್ಷರವನ್ನು ಯಾರಾದರೂ ಹೊಗಳಿದರೆ ಬಾಯಿ ಕಟ್ಟಿಕೊಳ್ಳುವುದು ನನ್ನಿಂದಾಗದು. ಹೆಮ್ಮೆಯಿಂದ ಕೈ ಎತ್ತಿಬಿಟ್ಟೆ.