ರವಿವಾರ ಮಾತ್ರ ದುಡಿಯುವ ಸೂರ್ಯ

ಮನೆಗೆ ಏನನ್ನಾದರೂ ಕೊಡುವವರನ್ನು ಬದಲಿಸುವುದು ಸುಲಭದ ಕೆಲಸವಲ್ಲ. ಹಾಲಿನವನನ್ನು ಬಿಡಿಸಿ ಇನ್ನೊಬ್ಬನನ್ನು ಹಚ್ಚಿಕೊಂಡರೆ, ಹಳಬ ಎದುರು ಬಂದಾಗಲೆಲ್ಲ ಅಂಗಡಿಯ ಬೋರ್ಡು ಓದುವವರಂತೆ ಮುಖ ಮೇಲೆತ್ತಿ ನಡೆಯಬೇಕಾಗುತ್ತದೆ. ಕ್ಷೌರದವನನ್ನು ಬದಲಿಸಿದರಂತೂ ನಮ್ಮ ತಲೆಯೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಹೀಗಿರುವಾಗ ನಾನು ಈ ವಯಸ್ಸಿನಲ್ಲಿ ಮನೆಗೆ ಕರೆಂಟು ಕೊಡುವವರನ್ನೇ ಬದಲಿಸಲು ಹೋದೆ. ಹೊಸಬ ಸಾಮಾನ್ಯನಲ್ಲ, ಸಾಕ್ಷಾತ್ ಸೂರ್ಯ. ಅವನನ್ನು ನಾನು ಮೆಚ್ಚಿದ್ದಕ್ಕೆ ಕಾರಣ ಒಂದೇ: ಹೊತ್ತಿಗೆ ಸರಿಯಾಗಿ ಬರುತ್ತಾನೆ, ಹೊತ್ತಿಗೆ ಸರಿಯಾಗಿ ಹೋಗುತ್ತಾನೆ. ನಾನು ಕಂಡ ಡ್ರೈವರುಗಳಲ್ಲಿ ಒಬ್ಬನೂ ಹಾಗಿರಲಿಲ್ಲ.

ಡ್ರೈವರುಗಳ ಮಾತು ಯಾಕೆ ಬಂತೆಂದರೆ, ನಾನು ನಿವೃತ್ತನಾಗುವವರೆಗೂ ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದವನು. ಮೊದಲು ಬಾದಾಮಿ, ಆಮೇಲೆ ಹುನಗುಂದ, ಕೊನೆಗೆ ನಮ್ಮ ಇಳಕಲ್. ಪಟ್ಟದಕಲ್ಲಿನ ಬಸ್ಸು ತಡವಾಗಿ ಬಂದರೆ ಡ್ರೈವರು ಕುರಿಹಿಂಡು ಅಡ್ಡ ಬಂತು ಎನ್ನುತ್ತಿದ್ದ. ಐಹೊಳೆಯದು ತಡವಾದರೆ ರಸ್ತೆ ಸರಿಯಿಲ್ಲ ಎನ್ನುತ್ತಿದ್ದ. ನಾನು ಒಪ್ಪುತ್ತಿರಲಿಲ್ಲ. ಕುರಿಯನ್ನೂ ರಸ್ತೆಯನ್ನೂ ನಿಲ್ಲಿಸಿ ಕಾರಣ ಕೇಳಲು ಬರುವುದಿಲ್ಲ. ಎಲ್ಲಿ ತಡವಾಗಿದೆಯೋ ಅಲ್ಲಿ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ, ಅವನನ್ನು ಹುಡುಕಿ ಹಿಡಿಯಬೇಕು, ಇದು ನನ್ನ ಸಿದ್ಧಾಂತ. ಈ ಸಿದ್ಧಾಂತದ ಕಾರಣ ನನಗೆ ನೌಕರಿಯಲ್ಲಿ ಗೌರವ ಬಹಳ ಸಿಕ್ಕಿತು, ಚಹಾಕ್ಕೆ ಕರೆಯುವವರು ಮಾತ್ರ ಸಿಗಲಿಲ್ಲ.

ಈ ಶಿಸ್ತು ನನ್ನ ಸ್ವಂತದ್ದಲ್ಲ, ಬಾಗಲಕೋಟೆಯಲ್ಲಿ ಬೋರ್ಡಿಂಗಿನಲ್ಲಿದ್ದು ಸಾಲಿ ಕಲಿತಾಗ ಗುರುಗಳು ಬಡಿದು ಕಲಿಸಿದ್ದು. ಮನೆ ಬಿಟ್ಟು ಹೊರಡುವಾಗ ನನ್ನದೊಂದು ಕ್ರಮವಿದೆ. ಹಿತ್ತಲ ಬಾಗಿಲು, ಕಿಟಕಿ, ಗ್ಯಾಸು, ನಳ, ಮೇನ್ ಸ್ವಿಚ್ಚು, ಕೊನೆಗೆ ಮುಂಬಾಗಿಲ ಕೀಲಿ. ಕೀಲಿಯನ್ನು ಜಗ್ಗಿ ನೋಡಿ ಮೆಟ್ಟಿಲಿಳಿದರೆ ಆಮೇಲೆ ತಿರುಗಿ ನೋಡುವವನಲ್ಲ. ಮಗಳು ಪ್ರೀತಿಯಿಂದ ಕೊಡಿಸಿದ ಫ್ರಿಜ್ಜು ಮಾತ್ರ ಈ ಶಿಸ್ತಿಗೆ ಹೊಂದಿಕೊಳ್ಳಲಿಲ್ಲ. ನಾವು ಸಂಜೆ ಬರುವಷ್ಟರಲ್ಲಿ ಅದರೊಳಗಿನ ಹಾಲು ಮೊಸರಾಗಿ, ಮೊಸರು ಬಾಯಲ್ಲಿ ಇಡಲಾರದಂತಾಗಿರುತ್ತಿತ್ತು. ಕೊನೆಗೆ ಅದು ಅಡುಗೆಮನೆಯಲ್ಲಿ ಬಿಳಿ ಕಪಾಟಾಗಿ ನಿಂತು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಗಳನ್ನು ಕಾಯುತ್ತಿತ್ತು.

ನಾವು ದಿನವೂ ಹೊರಡುವುದು ಎಲ್ಲಿಗೆಂದರೆ ರೊಟ್ಟಿ ಅಂಗಡಿಗೆ. ಪೇಟೆಯಲ್ಲಿರುವ ಆ ಸಣ್ಣ ಅಂಗಡಿ ನನ್ನ ಹೆಂಡತಿ ನೀಲವ್ವನದು. ಅವಳು ಒಳಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊರಗೆ ಕುಳಿತು ರೊಟ್ಟಿಗಳನ್ನು ಅಂಚಿಗೆ ಅಂಚು ಕೂಡುವಂತೆ ಜೋಡಿಸುತ್ತಿದ್ದೆ. ಜೋಡಿಸಿದ್ದನ್ನು ಗಿರಾಕಿಗಳು ಕೆದರಿದರೆ ನನಗೆ ಸಿಟ್ಟು ಬರುತ್ತದೆ. ರೊಟ್ಟಿ ಮಾರುವುದಕ್ಕೇ ಇಟ್ಟದ್ದು ಎಂದು ನೀಲವ್ವ ಒಳಗಿನಿಂದ ನೆನಪಿಸುತ್ತಿರುತ್ತಾಳೆ. ಹೋದ ವರ್ಷದಿಂದ ಅವಳ ಮಣಿಕಟ್ಟು ಬಾತುಕೊಳ್ಳತೊಡಗಿತು. ಡಾಕ್ಟರು ಇನ್ನು ರೊಟ್ಟಿ ಬಡಿಯಲೇಬಾರದೆಂದರು. ಬಡಿಯುವ ಮಷಿನ್ನು ತಂದು ನಮ್ಮ ಮನೆಯ ಪಡಸಾಲೆಯಲ್ಲಿ ಇಡಬೇಕು, ಅಲ್ಲಿ ಮಾಡಿದ್ದನ್ನು ಅಂಗಡಿಗೆ ಒಯ್ಯಬೇಕು ಎಂದು ಅವಳ ಆಸೆ. ಮಷಿನ್ನಿಗೆ ಕರೆಂಟು ಬಹಳ ಬೇಕು. ಅದಕ್ಕೇ ಬಾಗಲಕೋಟೆಯ ಕಂಪನಿಯ ಹುಡುಗಿಯೊಬ್ಬಳು ಬಂದು ಮಾಳಿಗೆಯ ಮೇಲೆ ಸೋಲಾರ್ ಹಲಗೆಗಳನ್ನು ಹಾಕಿಕೊಟ್ಟಳು. ನಾನೊಂದು ಕರಾರು ಹಾಕಿದೆ. ನಾವು ತೆಗೆದುಕೊಂಡದ್ದಕ್ಕಿಂತ ಸೂರ್ಯ ಕೊಟ್ಟದ್ದು ಹೆಚ್ಚೆಂದು ಮೀಟರು ತೋರಿಸಬೇಕು. ತೋರಿಸಿದರೆ ಮಷಿನ್ನು, ಇಲ್ಲದಿದ್ದರೆ ದೀಪಾವಳಿಯ ಹೊತ್ತಿಗೆ ಅಂಗಡಿ ಬಂದ್. ನೀಲವ್ವ ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಮಾಳಿಗೆಯ ಕಡೆ ಒಮ್ಮೆ ನೋಡಿದಳು.

ಹೊಸ ಮೀಟರು ಎರಡು ಬಾಯಿಯದು. ನಾವು ಬೀದಿಯ ಲೈನಿನಿಂದ ತೆಗೆದುಕೊಂಡದ್ದನ್ನು ಒಮ್ಮೆ ತೋರಿಸುತ್ತದೆ, ನಾವು ಲೈನಿಗೆ ಕೊಟ್ಟದ್ದನ್ನು ಇನ್ನೊಮ್ಮೆ ತೋರಿಸುತ್ತದೆ. ಅದರ ಪಕ್ಕದಲ್ಲೇ, ಹೊರಗೋಡೆಗೆ, ಸೂರ್ಯನ ಕರೆಂಟನ್ನು ಮನೆಯ ಕರೆಂಟಾಗಿ ಮಾಡುವ ಪೆಟ್ಟಿಗೆ. ಅದು ದುಡಿಯುವಾಗ ಅದರ ಹಸಿರು ದೀಪ ಹತ್ತಿರುತ್ತದೆ. ನಾನು ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತೇನೆ, ಹಸಿರು. ಸಂಜೆ ಅಂಗಡಿಯಿಂದ ಬಂದು, ಬಟ್ಟೆ ಬದಲಿಸಿ, ಕನ್ನಡಕ ಹಾಕಿಕೊಂಡು ನೋಡುತ್ತೇನೆ, ಆಗಲೂ ಹಸಿರು. ಆದರೆ ಮೊದಲ ಬಿಲ್ಲು ಬಂದಾಗ ಸೂರ್ಯ ಕೊಟ್ಟದ್ದು ಬೆಕ್ಕಿನ ಊಟದಷ್ಟಿತ್ತು. ಎರಡನೆಯದೂ ಹಾಗೇ.

ಎಲ್ಲೋ ಒಬ್ಬ ಮನುಷ್ಯ ಇದ್ದಾನೆ ಎಂದುಕೊಂಡೆ. ಹತ್ತಿರದಲ್ಲೇ ಇದ್ದ ಮನುಷ್ಯನೆಂದರೆ ಮೀಟರ್ ರೀಡರ್ ಹುಸೇನಸಾಬ. ವರ್ಷಗಟ್ಟಲೆಯಿಂದ ನಮ್ಮ ಓಣಿಗೆ ಬರುವವನು, ಬೆಲ್ಲ ತಿಂದು ನೀರು ಕುಡಿದೇ ಹೋಗುವವನು. ನಾವು ಕೊಟ್ಟದ್ದನ್ನು ತೆಗೆದುಕೊಂಡದ್ದೆಂದೂ ತೆಗೆದುಕೊಂಡದ್ದನ್ನು ಕೊಟ್ಟದ್ದೆಂದೂ ನೀನು ಅದಲುಬದಲು ಮಾಡುತ್ತಿದ್ದೀ ಎಂದು ನಾನು ಅವನನ್ನು ನಿಲ್ಲಿಸಿಕೊಂಡೆ. ಮತ್ತೆ ಮತ್ತೆ ಓದಿಸಿದೆ. ಅವನು ಸಮಾಧಾನದ ಮನುಷ್ಯ.

“ಸಾಹೇಬ್ರ, ಮೀಟರ್ ಏನ್ ತೋರಸ್ತೈತಿ ಅದನ್ನ ನಾ ಬರ್ಕೋತೀನ್ರಿ,” ಎಂದ. “ನಾ ಕೈಲೆ ಹೆಚ್ಚು ಕಡಿಮಿ ಹಾಕಾಕ ಅದೇನ್ ಉಪ್ಪೇನ್ರಿ?”

ನಾನು ಕರೆಂಟಿನ ಆಫೀಸಿಗೆ ಅವನ ಮೇಲೆ ಅರ್ಜಿ ಕೊಟ್ಟೆ. ಅಂದಿನಿಂದ ಹುಸೇನಸಾಬ ನಮ್ಮ ಮನೆಯಲ್ಲಿ ಬೆಲ್ಲ ಮುಟ್ಟಲಿಲ್ಲ, ಬರೀ ನೀರು ಕುಡಿದು ಹೋದ. ನನಗೆ ಅದು ಒಳಗೊಳಗೇ ಚುಚ್ಚಿತು. ಆದರೆ ಶಿಸ್ತಿನ ಮನುಷ್ಯ ಅದನ್ನೆಲ್ಲ ತೋರಿಸಿಕೊಳ್ಳಬಾರದು.

ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿತ್ತು. ಪಕ್ಕದ ಮನೆಯ ಮಲ್ಲಪ್ಪನೂ ಅದೇ ಹಲಗೆಗಳನ್ನು ಹಾಕಿಸಿದ್ದ. ಅವನದು ಮನೆಯಲ್ಲ, ಸಂತೆ. ಬಾಗಿಲು ಸದಾ ತೆರೆದೇ ಇರುತ್ತದೆ, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತದೆ, ಯಾರೂ ನೋಡದ ಟೀವಿ ಹಾಡುತ್ತದೆ. ಅವನು ಹಲಗೆಗಳ ಮೇಲಿನ ಧೂಳನ್ನು ಒಂದು ದಿನವೂ ಒರೆಸಿದವನಲ್ಲ. ನಾನಾದರೋ ನೀಲವ್ವನ ಹಳೆಯ ಇಳಕಲ್ ಸೀರೆಯನ್ನು ಹರಿದು, ಅದಕ್ಕಾಗಿ ಬೈಸಿಕೊಂಡು, ದಿನವೂ ಒರೆಸುತ್ತಿದ್ದೆ. ಆದರೂ ಅವನ ಮೀಟರಿನಲ್ಲಿ ಕೊಟ್ಟದ್ದು ಬಂಡಿಗಟ್ಟಲೆ. ಶಿಸ್ತಿಲ್ಲದ ಮನೆಯ ಮೇಲೆ ಸೂರ್ಯನಿಗೆ ಇಷ್ಟೇಕೆ ಪ್ರೀತಿ ಎಂದು ನನಗೆ ದೇವರ ಮೇಲೇ ಸಂಶಯ ಬಂತು.

“ಕಂಟ್ರೋಲರ್ ಸಾಹೇಬ್ರ, ನಿಮ್ಮ ಸೂರ್ಯಾ ರಜಾ ಮ್ಯಾಲೆ ಹೋಗ್ಯಾನೇನ್ರಿ?” ಎಂದು ಮಲ್ಲಪ್ಪ ಮಾಳಿಗೆಯಿಂದಲೇ ಕೇಳುತ್ತಿದ್ದ.

ರಜೆಯ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ದಿನವೂ ಸಂಜೆ ಮೀಟರು ನೋಡುವ ನನಗೆ ಒಂದು ವಿಚಿತ್ರ ಕಂಡಿತ್ತು. ವಾರವಿಡೀ ಕುಂಟುವ ಸೂರ್ಯ ರವಿವಾರ ಮಾತ್ರ ಮಲ್ಲಪ್ಪನ ಸೂರ್ಯನಿಗೆ ಸರಿಸಮನಾಗಿ ದುಡಿಯುತ್ತಿದ್ದ. ಯಾಕೆ ಹೀಗೆ ಎಂದು ನೀಲವ್ವ ಕೇಳಿದಾಗ, ರವಿವಾರ ಅವನದೇ ವಾರವಲ್ಲವೇ, ಅದಕ್ಕೆ ಹುರುಪಿನಿಂದ ದುಡಿಯುತ್ತಾನೆ ಎಂದು ವಿವರಿಸಿದೆ. ಮಲ್ಲಪ್ಪ ಈ ವಿವರಣೆಯನ್ನು ಕೂಡಲೇ ಒಪ್ಪಿದ. ಅವನು ಒಪ್ಪಿದ್ದೇ ತಡ ನನಗೆ ಅದರ ಮೇಲೆ ವಿಶ್ವಾಸ ಹೋಯಿತು. ನೀಲವ್ವ ಒಪ್ಪಲಿಲ್ಲ. ರವಿವಾರ ಅಂಗಡಿಗೆ ಸೂಟಿ, ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ ಎಂದಷ್ಟೇ ಹೇಳಿ ಏನೋ ಯೋಚನೆ ಮಾಡುತ್ತ ಕುಳಿತಳು.

ಕೊನೆಗೆ ಹುಸೇನಸಾಬನೇ ಅಂಗಡಿಗೆ ಬಂದ. ಅರ್ಜಿಯ ಸಲುವಾಗಿ ಆಫೀಸಿನಲ್ಲಿ ಅವನನ್ನು ಕೇಳಿದ್ದರಂತೆ. ಬಿಸಿಲು ನೆತ್ತಿಯ ಮೇಲಿರುವಾಗ ಮನೆಗೆ ಹೋಗಿ ಮೀಟರಿನ ಮುಂದೆ ನಿಂತು ಒಮ್ಮೆ ಕೂಡಿಯೇ ನೋಡೋಣ, ನನ್ನ ತಪ್ಪಿದ್ದರೆ ತಪ್ಪೆಂದು ಬರೆದುಕೊಡುತ್ತೇನೆ ಎಂದ. ನನಗೆ ಇದು ಹಿಡಿಸಿತು. ಅಂಗಡಿಯ ಬಾಗಿಲು ಎಳೆದು ಮೂವರೂ ಹೊರಟೆವು. ತಪ್ಪಾಗಿದ್ದರೆ ಹುಸೇನಸಾಬನ ಹೆಸರು ಕೆಡುತ್ತಿತ್ತು. ತಪ್ಪಾಗಿರದಿದ್ದರೆ ನೀಲವ್ವನ ಮಷಿನ್ನು ಹೋಗುತ್ತಿತ್ತು. ನಾನೊಬ್ಬನೇ ನಿಶ್ಚಿಂತನಾಗಿದ್ದೆ.

ಮನೆ ಮುಟ್ಟುತ್ತಲೇ ಹುಸೇನಸಾಬ ಹೊರಗೋಡೆಯ ಪೆಟ್ಟಿಗೆಯ ಮುಂದೆ ನಿಂತು, ದೀಪವೇ ಹತ್ತಿಲ್ಲವಲ್ಲ ಎಂದ. ನನಗೆ ಗೆದ್ದಂತಾಯಿತು. ಹಾಗಾದರೆ ಪೆಟ್ಟಿಗೆಯೇ ಕೆಟ್ಟಿದೆ, ಬಾಗಲಕೋಟೆಯಿಂದ ಬಂದು ಹಾಕಿಕೊಟ್ಟ ಆ ಹುಡುಗಿಗೆ ಈಗಲೇ ಫೋನು ಮಾಡುತ್ತೇನೆ ಎನ್ನುತ್ತ ಕೀಲಿ ತೆಗೆದು ಒಳಹೊಕ್ಕು, ಕನ್ನಡಕ ಹುಡುಕಿಕೊಂಡು ಹೊರಬಂದೆ. ಬರುವಷ್ಟರಲ್ಲಿ ದೀಪ ಮಿಣುಕಿ, ಹಸಿರಾಯಿತು.

“ಬಂತ್ರಿ,” ಎಂದ ಹುಸೇನಸಾಬ.

ನನ್ನನ್ನು ಕಂಡದ್ದೇ ಕೆಲಸಕ್ಕೆ ಹತ್ತಿತು ನೋಡು ಎಂದೆ. ಮಾತು ಸುಳ್ಳಲ್ಲ. ನಿಲ್ದಾಣದಲ್ಲಿಯೂ ಹೀಗೇ ಆಗುತ್ತಿತ್ತು. ನಾನು ಕೋಣೆಯಿಂದ ಹೊರಗೆ ಬಂದರೆ ಸಾಕು, ಚಹಾ ಕುಡಿಯುತ್ತಿದ್ದ ಡ್ರೈವರುಗಳು ಓಡಿಹೋಗಿ ಗಾಡಿ ಚಾಲೂ ಮಾಡುತ್ತಿದ್ದರು.

ನೀಲವ್ವ ಒಳಗೆ ಹೋದಳು. ಕ್ಷಣದಲ್ಲಿ ಹಸಿರು ದೀಪ ಆರಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹತ್ತಿತು. ಅವಳು ಹೊರಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಏನ್ರಿ, ಬಾಗಲಾ ತಗದ ಮ್ಯಾಲೆ ಮೊದಲ ಏನ್ ಮಾಡಿದ್ರಿ?”

“ಕನ್ನಡಕಾ ಹುಡಿಕಿದೆ.”

“ಅದಕ್ಕಿಂತ ಮೊದಲ?”

ಅದಕ್ಕಿಂತ ಮೊದಲು ನಾನೇನೂ ಮಾಡಿರಲಿಲ್ಲ. ನನ್ನ ಕೈ ಮಾಡಿತ್ತು. ಒಳಹೊಕ್ಕ ಕೂಡಲೇ ಎಡಗಡೆಯ ಗೋಡೆಗೆ ಹೋಗಿ ಮೇನ್ ಸ್ವಿಚ್ಚನ್ನು ಮೇಲೆತ್ತಿತ್ತು, ದಿನವೂ ಸಂಜೆ ಎತ್ತುವಂತೆ. ದಿನವೂ ಬೆಳಿಗ್ಗೆ ಅದನ್ನು ಇಳಿಸುವುದೂ ಅದೇ ಕೈ.

“ಪಾಪ, ಆ ಸೂರ್ಯಾಗ ದಿನಾ ಕೀಲಿ ಹಾಕಿ ಅಂಗಡಿಗಿ ಬರ್ತೀರಿ,” ಎಂದಳು ನೀಲವ್ವ. “ಮ್ಯಾಲೆ ಅಂವಾ ದುಡ್ಯೂದಿಲ್ಲಂತ ಅರ್ಜಿ ಬ್ಯಾರೆ.”

ಹುಸೇನಸಾಬ ನಗಲಿಲ್ಲ. ಮೀಟರಿನ ಕಡೆ ತಿರುಗಿ ನಿಂತ. ಅವನ ಬೆನ್ನು ಮಾತ್ರ ಅಲುಗಾಡುತ್ತಿತ್ತು.

ಬಾಗಲಕೋಟೆಯ ಹುಡುಗಿಗೆ ಫೋನು ಮಾಡಿ ಕೇಳಿದೆ. ಬೀದಿಯ ಲೈನಿನ ಕರೆಂಟು ಸಿಗದಿದ್ದರೆ ಪೆಟ್ಟಿಗೆಯೂ ಸುರಕ್ಷತೆಗಾಗಿ ತಾನೇ ನಿಲ್ಲುತ್ತದೆ, ಮೇನ್ ಸ್ವಿಚ್ಚನ್ನು ಇಳಿಸಬೇಡಿ ಎಂದು ಅಂದೇ ಹೇಳಿದ್ದೆನಲ್ಲ ಎಂದಳು. ಹೇಳಿದ್ದು ಖರೆ. ಅಂಥ ಸೂಚನೆಗಳೆಲ್ಲ ಮಲ್ಲಪ್ಪನಂಥವರಿಗೆ ಎಂದು ನಾನು ತಿಳಿದುಕೊಂಡಿದ್ದೆ.

ಅರ್ಜಿಯನ್ನು ವಾಪಸ್ ಪಡೆಯಲು ಇನ್ನೊಂದು ಅರ್ಜಿ ಬೇಕಂತೆ. ಕಾರಣ ಬರೆಯಬೇಕಾದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕುಳಿತೆ. ಕೊನೆಗೆ “ಸೂರ್ಯನ ಹಾಜರಾತಿ ಸರಿಪಡಿಸಲಾಗಿದೆ” ಎಂದು ಬರೆದು ಸಹಿ ಹಾಕಿ ಹುಸೇನಸಾಬನ ಕೈಗೆ ಕೊಟ್ಟೆ. ಅವನು ಓದಿ, ಮಡಚಿ ಕಿಸೆಗೆ ಹಾಕಿಕೊಂಡು, ನೀಲವ್ವನಿಗೆ “ಅಕ್ಕಾರ, ಒಂದೀಟು ಬೆಲ್ಲಾ ಕೊಡ್ರಿ” ಎಂದ. ಅಂದು ಅವನು ತಿಂದಷ್ಟು ಬೆಲ್ಲವನ್ನು ಮತ್ತೆ ಯಾವತ್ತೂ ತಿಂದಿಲ್ಲ.

ಮುಂದಿನ ಬಿಲ್ಲಿನಲ್ಲಿ ನಮ್ಮ ಸೂರ್ಯ ಮಲ್ಲಪ್ಪನ ಸೂರ್ಯನನ್ನೂ ಮೀರಿಸಿದ. ಒರೆಸಿದ್ದು ವ್ಯರ್ಥವಾಗಲಿಲ್ಲ. ದೀಪಾವಳಿಗೆ ಅಂಗಡಿ ಬಂದ್ ಆಗಲಿಲ್ಲ, ಮಷಿನ್ನಿಗೆ ಪೂಜೆಯಾಯಿತು. ಈಗ ಬೆಳಿಗ್ಗೆ ಪಡಸಾಲೆಯಲ್ಲಿ ಮಷಿನ್ನು ರೊಟ್ಟಿ ಮಾಡುತ್ತದೆ, ನೀಲವ್ವ ಕುರ್ಚಿಯಲ್ಲಿ ಕುಳಿತು ಅದಕ್ಕೆ ಸೂಚನೆ ಕೊಡುತ್ತಾಳೆ. ಅವಳ ಮಣಿಕಟ್ಟಿನ ಬಾವು ಇಳಿದಿದೆ. ಫ್ರಿಜ್ಜಿನಲ್ಲಿ ಮೊಸರು ಮೊಸರಾಗಿಯೇ ಉಳಿಯುತ್ತಿದೆ. ಬಿಸಿಲೇರಿದ ಮೇಲೆ ರೊಟ್ಟಿಯ ಬುಟ್ಟಿ ಹಿಡಿದು ಇಬ್ಬರೂ ಅಂಗಡಿಗೆ ಹೊರಡುತ್ತೇವೆ.

ಆದರೆ ಬೋರ್ಡಿಂಗಿನಲ್ಲಿ ಕಲಿತ ಕೈ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನಳ ನೋಡಿದ್ದೇ ತಡ ಅದು ತಾನಾಗಿ ಎಡಗಡೆಯ ಗೋಡೆಗೆ ಏಳುತ್ತದೆ. ನೀಲವ್ವ ಇದಕ್ಕೊಂದು ಉಪಾಯ ಮಾಡಿದ್ದಾಳೆ. ಸ್ವಿಚ್ಚಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಒಂದು ಹೂ ಸಿಕ್ಕಿಸುತ್ತಾಳೆ. ಪೂಜೆ ಮಾಡಿದ್ದನ್ನು ಕೆಳಗೆ ಇಳಿಸುವ ಧೈರ್ಯ ನನಗಿಲ್ಲ. ಎದ್ದ ಕೈಯನ್ನು ಸುಮ್ಮನೆ ಕೆಳಗಿಳಿಸಲೂ ಮನಸ್ಸಾಗದೆ, ಇನ್ನೊಂದು ಕೈಯನ್ನೂ ಕೂಡಿಸಿ ಮುಗಿಯುತ್ತೇನೆ. ಬಾಗಿಲಲ್ಲಿ ಇಣುಕಿದ ಮಲ್ಲಪ್ಪ, ಸಾಹೇಬರು ಇತ್ತೀಚೆಗೆ ಭಾರೀ ಭಕ್ತರಾಗಿದ್ದಾರೆಂದು ಓಣಿಗೆಲ್ಲ ಹೇಳಿದ್ದಾನೆ. ನಾನು ಇಲ್ಲವೆಂದಿಲ್ಲ. ಮುಗಿದ ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ನಿಂತರೆ, ಬುಟ್ಟಿ ಹಿಡಿದು ಹೊರಗೆ ನಿಂತ ನೀಲವ್ವ, ನಾನು ನಿಲ್ದಾಣದಲ್ಲಿ ಜೀವನವಿಡೀ ಕೂಗಿದ ಮಾತನ್ನೇ ನನಗೆ ಕೂಗುತ್ತಾಳೆ:

“ಹೊತ್ತಾತು, ಗಾಡಿ ಬಿಡ್ರಿ.”