ಯುರೋಪೆಲ್ಲ ಮೆಚ್ಚಿದ ಹೆಸರು

ಎಪ್ಪತ್ತೆರಡನೇ ಇಸವಿಯಲ್ಲಿ ಧರ್ಮಣ್ಣನಿಗೆ ಮಗಳು ಹುಟ್ಟಿದಳು. ಅವನು ಮುಂಬಯಿ ಫೋರ್ಟಿನ ಹಡಗು ಕಂಪೆನಿಯೊಂದರಲ್ಲಿ ಪರದೇಶದ ಪತ್ರಗಳನ್ನು ಫೈಲಿಗೆ ಹಾಕುವ ಗುಮಾಸ್ತ. ಹೆಸರುಗಳ ವಿಷಯದಲ್ಲಿ ತನ್ನಂಥ ಪಂಡಿತ ಕುರ್ಲಾದಿಂದ ಮಲಾಡ್‌ವರೆಗೆ ಹುಡುಕಿದರೂ ಸಿಗಲಾರ ಎಂಬುದು ಒಂದು ನಂಬಿಕೆ. (ನಂಬಿದವನು ಅವನೊಬ್ಬನೇ.)

"ಆನ್ನಾ ಅಂತ ಇಡುವ," ಎಂದ ಹೆಂಡತಿ ವಿನೋದಿನಿಗೆ.

"ಹೆಣ್ಣುಮಗುವಿಗೆ ಎಂತ, ಅಣ್ಣ ಅಂತಲಾ?"

"ಅಣ್ಣ ಅಲ್ಲ ಮಾರಾಯ್ತಿ, ಆನ್ನಾ. ಇಂಗ್ಲಿಷರಲ್ಲಿ ಆನ್, ಸ್ಪೇನಿನವರಲ್ಲಿ ಆನಾ, ರಷ್ಯದವರು ಮುದ್ದಿಗೆ ಆನ್ಯಾ ಅಂತಾರೆ. ಮೂಲ ಬೈಬಲಿನ ಹನ್ನಾ. ಬೇಕಾದರೆ ಚರ್ಚಿಗೆ ಹೋಗುವ ಪಕ್ಕದ ಮನೆ ದೂಜನನ್ನು ಕೇಳು. ಹೀಬ್ರೂ ಭಾಷೆಯಲ್ಲಿ ಕೃಪೆ ಅಂತ ಅರ್ಥ."

"ನನ್ನ ಅಮ್ಮನಿಗೆ ಹೀಬ್ರೂ ಬರುವುದಿಲ್ಲ," ಎಂದು ವಿನೋದಿನಿ ಮಗ್ಗುಲು ಬದಲಿಸಿದಳು. ಧರ್ಮಣ್ಣ ಅದನ್ನೇ ಸಮ್ಮತಿ ಎಂದುಕೊಂಡ.

ನಾಮಕರಣಕ್ಕೆ ಸಾಂತಾಕ್ರೂಜಿನ ಅವರ ಒಂದೇ ಕೋಣೆಯ ಮನೆಯಲ್ಲಿ ಇಡೀ ಚಾಳು ಸೇರಿತು. ಹೊರಗೆ ಸಾಲಾಗಿ ಎಲೆ ಹಾಕಿತ್ತು. ಸಾಂಬಾರಿನ ಪರಿಮಳ ಒಳಗೆ ಬರುತ್ತಿತ್ತು. ಧರ್ಮಣ್ಣ ಮೂರು ಹಾಳೆ ಭಾಷಣ ತೆಗೆದ. ಹೀಬ್ರೂ ನಾಡಿನಿಂದ ಹೊರಟವನು ಗ್ರೀಸ್, ರೋಮ್ ದಾಟಿ ಫ್ರಾನ್ಸಿಗೆ ಬಂದಾಗ ಗಂಟೆ ಹನ್ನೆರಡೂವರೆ. ಪೋಲೆಂಡಿನಲ್ಲಿ ದೂಜ ಆಕಳಿಸಿದ. ಹಂಗೇರಿಯಲ್ಲಿ ಮಕ್ಕಳು ಅಳತೊಡಗಿದವು. ರಷ್ಯದಲ್ಲಿ ಒಂದೂವರೆ ಹೊಡೆಯಿತು. ಕೊನೆಗೆ ಧರ್ಮಣ್ಣ ಎರಡೂ ಕೈಯೆತ್ತಿ, "ಆದಕಾರಣ, ಬಂಧುಗಳೇ, ಆನ್ನಾ!" ಎಂದು ಘೋಷಿಸಿದ.

ಜನ ಒಮ್ಮೆಲೇ ಎದ್ದರು.

"ಅಂತೂ ಅನ್ನ ಅಂದರಲ್ಲ, ಪುಣ್ಯಾತ್ಮ," ಎನ್ನುತ್ತ ಬಾಗಿಲಿಗೆ ನುಗ್ಗಿದರು.

"ನಾನು ಹೇಳಿದ್ದು ಹೆಸರು, ಮಾರಾಯ್ರೇ..."

ಕೇಳುವವರು ಯಾರು? ದೂಜ ಆಗಲೇ ಎಲೆಗೆ ನೀರು ಚಿಮುಕಿಸುತ್ತಿದ್ದ.

ಧರ್ಮಣ್ಣ ತಿರುಗಿ ನೋಡಿದರೆ ಅತ್ತೆ ಶೀಲಾವತಿ ತೊಟ್ಟಿಲಿಗೆ ಬಾಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ತೊಟ್ಟಿಲನ್ನು ತೂಗಿಯೂ ಆಗಿತ್ತು.

"ಎಂತ ಹೆಸರು ಹೇಳಿದಿರಿ, ಅತ್ತೆ?"

"ಕೃಪಾ. ನಿಮ್ಮದೇ ಆಯ್ಕೆಯಂತೆ, ವಿನೋದಿನಿ ನಿನ್ನೆಯೇ ಹೇಳಿದಳು."

ವಿನೋದಿನಿ ತಲೆ ತಗ್ಗಿಸಿ ಕುಳಿತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದರಿಂದ ಭುಜ ಮಾತ್ರ ಅಲುಗುತ್ತಿತ್ತು. ಶೀಲಾವತಿ ಅಳಿಯನ ಕೈಯಲ್ಲಿದ್ದ ಹಾಳೆಗಳನ್ನು ಕನಿಕರದಿಂದ ನೋಡಿದರು.

"ಇಷ್ಟು ಚಂದದ ಹೆಸರು ಮನಸ್ಸಿನಲ್ಲಿಟ್ಟುಕೊಂಡು, ಇಷ್ಟು ಹೊತ್ತು ಊರವರ ಹೆಸರೆಲ್ಲ ಯಾಕೆ ಹೇಳಿದ್ದು ನೀವು?"