ಸಹಿಯ ಕೆಳಗಿನ ಕಥೆಯನ್ನು ಮೂರು ಚುಕ್ಕಿಯೊಳಗೆ ಮಡಚಿಟ್ಟಿರುವ ಬಗ್ಗೆ

ಬನಹಟ್ಟಿ
ಗುರುವಾರ, 14-11-2013

ಇಂದ:
ಶೇವಂತಿ ಶಿವಯೋಗೆಪ್ಪ ಕೊಣ್ಣೂರ,
ಪತ್ರವ್ಯವಹಾರ ನೋಡಿಕೊಳ್ಳುವಾಕೆ,
ರಾಚಪ್ಪ ಸಾವಕಾರರ ಸೀರೆ ಅಂಗಡಿ, ಬನಹಟ್ಟಿ.

ಗೆ:
ಹೊಸ ಇಮೇಲ್ ರೂಪಿಸಿದ ಮಹನೀಯರು,
ಏಳು ಸಮುದ್ರದ ಆಚೆ (ಸರಿಯಾದ ವಿಳಾಸ ತಿಳಿದುಬಂದಿಲ್ಲ).

ಮೂಲಕ:
ರಾಚಪ್ಪ ಸಾವಕಾರರು (ಇವರು ವಿಷಯ ಮತ್ತು ಸಹಿ ಮಾತ್ರ ಓದುವರು).

ವಿಷಯ: ಹಳೆಯ ಇಮೇಲಿನಲ್ಲಿದ್ದ "ಓದಲಾಗಿದೆ" ಎಂಬ ರಸೀದಿಯನ್ನು ಮರಳಿ ಕೊಡುವ ಕುರಿತು.

ಉಲ್ಲೇಖ: 1. ಸೋಮವಾರ ಬೆಳಿಗ್ಗೆ ತಾನಾಗಿಯೇ ಬದಲಾದ ಪರದೆ.
2. ಅರ್ಜಿದಾರಳ ಅಜ್ಜಿ ಹೊಳೆವ್ವನ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸೀರೆಯ ಗಂಟುಗಳು ಹೊರಟ ಕೂಡಲೇ ಲೋಕಾಪುರದ ಲಾರಿ ಕಚೇರಿಗೆ ಇಮೇಲ್ ಮಾಡುವುದು ಅರ್ಜಿದಾರಳ ಕೆಲಸ. ಅಲ್ಲಿ ಅದನ್ನು ತೆರೆಯುವವರು ಶ್ರೀ ಮಾಂತೇಶ ಎಂಬವರು. ವ್ಯವಹಾರದ ಮಾತು ಎರಡು ಸಾಲಿಗೆ ಮುಗಿದು, ಸಹಿಯ ಕೆಳಗೆ ಹೊಲದಷ್ಟು ಜಾಗ ಬೀಳು ಬೀಳುತ್ತಿದ್ದ ಕಾರಣ, ಅರ್ಜಿದಾರಳು ಉಗಾದಿಯಿಂದೀಚೆಗೆ ಅಲ್ಲಿ ಕಥೆಯೊಂದನ್ನು ತುಸುತುಸುವೇ ಬರೆಯುತ್ತ ಬಂದಿರುತ್ತಾಳೆ. ಹಿನ್ನೀರಿನ ತಳದ ಊರೊಂದರಲ್ಲಿ ಹುಡುಗಿಯೊಬ್ಬಳು ಮಗ್ಗದ ಮುಂದೆ ಕೂತಿದ್ದಾಳೆ; ಮೇಲೆ ಅಂಬಿಗನೊಬ್ಬ ದಿನಾ ದೋಣಿ ಹಾಯಿಸುವಾಗ ಮಗ್ಗದ ಸಪ್ಪಳ ಕೇಳಿ ಹುಟ್ಟು ನಿಲ್ಲಿಸುತ್ತಾನೆ. ಊರು ಕಲ್ಪಿತವಲ್ಲ. ಬೀಳಗಿ ಕಡೆಯ ಅಜ್ಜಿಯ ತವರು ಈಗ ನಿಜಕ್ಕೂ ನೀರಿನಲ್ಲಿದೆ. ಹುಡುಗಿಯ ಬಗ್ಗೆ ಅರ್ಜಿದಾರಳು ಹೆಚ್ಚೇನೂ ಹೇಳಬಯಸುವುದಿಲ್ಲ.

2. ಕಥೆ ಹೇಳುವವರಿದ್ದಲ್ಲಿ ಹೂಂಗುಡುವವರೂ ಇರಬೇಕೆಂಬುದು ಅರ್ಜಿದಾರಳ ಮನೆಯ ಹಳೆಯ ನಿಯಮ. ಅವಳು ಚಿಕ್ಕಂದಿನಲ್ಲಿ ತೂಕಡಿಸಿದರೆ ಅಜ್ಜಿ ರಾಕ್ಷಸನನ್ನು ಬಾವಿಕಟ್ಟೆಯ ಮೇಲೆ ಹಾಗೇ ನಿಲ್ಲಿಸಿ, "ಹೂಂ ಅನ್ನs ನನ್ನವ್ವಾ! ಹೂಂ ಅನ್ನದ ಕತಿ ಹೊಟ್ಯಾಗ ಕಲ್ಲಾಗಿ ಕುಂದರತೈತಿ, ನನಗ ರೊಟ್ಟಿ ಹೋಗಂಗಿಲ್ಲ" ಎನ್ನುತ್ತಿದ್ದಳು. ಹಳೆಯ ಇಮೇಲಿನಲ್ಲಿ ಶ್ರೀ ಮಾಂತೇಶರು ಪತ್ರ ತೆರೆದೊಡನೆ "ಓದಲಾಗಿದೆ" ಎಂಬ ಚೀಟಿ ಬರುತ್ತಿತ್ತು. ಅದನ್ನೇ ಹೂಂ ಎಂದು ಪರಿಗಣಿಸಲಾಗುತ್ತಿತ್ತು. ಅದಲ್ಲದೆ ಶ್ರಾವಣದಲ್ಲಿ ಒಮ್ಮೆ ಅವರೂ ತಮ್ಮ ಸಹಿಯ ಕೆಳಗೆ "ಮುಂದೇನಾತ್ರಿ?" ಎಂದು ಬರೆದಿರುತ್ತಾರೆ. ಆ ದಿನ ಅರ್ಜಿದಾರಳು ಮುಧೋಳದ ಗಂಟಿಗೆ ಜಮಖಂಡಿಯ ಹೆಸರು ಹಾಕಿದ್ದು ನಿಜ. ಅದಕ್ಕೆ ಆಗಲೇ ಬೈಸಿಕೊಂಡಾಗಿದೆ.

3. ಹೀಗಿರುವಲ್ಲಿ, ಬರುವ ರವಿವಾರ ಹುನ್ನೂರಿನವರು ಅರ್ಜಿದಾರಳನ್ನು ನೋಡಲು ಬರುವುದೆಂದು ಸೋದರಮಾವ ಗಿರಿಮಲ್ಲಪ್ಪನವರು ಮಾತು ಮುಗಿಸಿ ಬಂದರು. ಕಾರಣ, ಸೋಮವಾರದ ಕಂತಿನಲ್ಲಿ ಹುಡುಗಿ ತಲೆಯೆತ್ತಿ ಅಂಬಿಗನನ್ನು ನೇರವಾಗಿ ಕೇಳಬೇಕಾಯಿತು: "ಇಳದು ಬರ್ತೀಯೋ, ಹಾಯ್ದು ಹೋಗ್ತೀಯೋ?" ಅದೇ ಬೆಳಿಗ್ಗೆ ತಾವು ಪರದೆ ಬದಲಿಸಿದಿರಿ. ಚೀಟಿ ಬರಲಿಲ್ಲ. ಓದಿ ಸುಮ್ಮನಿರುವುದು ಬೇರೆ, ಓದದೆ ಸುಮ್ಮನಿರುವುದು ಬೇರೆ. ಇವೆರಡನ್ನು ಬೇರ್ಪಡಿಸುತ್ತಿದ್ದ ಏಕೈಕ ಸೌಲಭ್ಯವನ್ನು ತೆಗೆದು, ಅದರ ಜಾಗದಲ್ಲಿ ಹಿಮದ ಬೆಟ್ಟದ ಚಿತ್ರ ಕೊಟ್ಟಿರುತ್ತೀರಿ.

4. ಮಂಗಳವಾರ ಶ್ರೀ ಮಾಂತೇಶರೇ ಅಂಗಡಿಗೆ ಫೋನು ಮಾಡಿದರು.

"ಗಂಟು ಮುಟ್ಟಿದ್ವುರಿ ಮೇಡಂ. ಮತ್ತೇನ್ರಿ?"

"ಮತ್ತೇನಿಲ್ರಿ."

"ಯಾಕ್ರಿ, ನಿನ್ನಿಯಿಂದ ಮೇಲ್ ಭಾಳ ಸಣ್ಣು ಬರಾಕತ್ತಾವಲ್ಲ? ಸಿಟ್ಟೇನ್ರಿ?"

ಸಾವಕಾರರು ಪಕ್ಕದಲ್ಲೇ ಸೀರೆ ಮಡಚುತ್ತಿದ್ದ ಕಾರಣ ಅರ್ಜಿದಾರಳು "ಸ್ಟಾಕ್ ಕಡಿಮಿ ಐತ್ರಿ" ಎಂದು ಉತ್ತರಿಸಿದಳು. ಈ ಉತ್ತರಕ್ಕಾಗಿ ಅವಳು ಇಂದಿಗೂ ವಿಷಾದಿಸುತ್ತಾಳೆ.

5. ಅಷ್ಟುದ್ದದ ಮೇಲ್ ಸಣ್ಣದಾದದ್ದು ಹೇಗೆಂದು ತಿಳಿಯದೆ, ಕಂಪ್ಯೂಟರ್ ರಿಪೇರಿಯ ಸಿದ್ದಾರ್ಥನನ್ನು ಕರೆಸಲಾಯಿತು.

"ಅಕ್ಕಾರ, ಹೊಸಾದು ಸಹಿ ಕೆಳಗಿಂದೆಲ್ಲಾ ಮಡಚಿ ಇಡ್ತೈತ್ರಿ. ಈ ಮೂರು ಚುಕ್ಕಿ ಅದಾವಲ್ಲ, ಒತ್ತಿದ್ರ ತೆರೀತೈತಿ."

"ಯಾರ ಒತ್ತತಾರೋ?"

"ಯಾರೂ ಒತ್ತಂಗಿಲ್ರಿ."

"ಮತ್ತ ಓದಿದ ರಸೀದಿ?"

"ಅದನ್ನ ತಗದಾರ್ರಿ. ಯಾರೂ ಬಳಸಂಗಿಲ್ಲಂತ."

"ನಾ ಬಳಸ್ತಿದ್ನಲ್ಲೋ!"

"ನೀವೊಬ್ರs ಅಕ್ಕಾರ. ನಿಮ್ಮ ಒಬ್ರ ಸಲುವಾಗಿ ಅಮೇರಿಕಾದಾಗ ಯಾರ ಕುಂದರತಾರ್ರಿ?"

ಅರಮನೆಯನ್ನು ಎಳ್ಳುಕಾಳಿನೊಳಗೆ ಮಡಚಿಟ್ಟ ಮಾಟಗಾತಿಯ ಸಂಗತಿ ಅರ್ಜಿದಾರಳಿಗೆ ಮೊದಲೇ ತಿಳಿದಿತ್ತು. ಆದರೆ ಆ ಮಾಟಗಾತಿಗೆ ಒಂದೇ ಎಳ್ಳು ಸಾಕಾಗಿತ್ತು.

6. ಮನೆಗೆ ಬಂದು ಅಜ್ಜಿಗೆ ವರದಿ ಒಪ್ಪಿಸಲಾಗಿ, ಆಕೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸದೆ, "ಕೇಳೂ ಮಾತು ಹಿತ್ತಲದಾಗಿಟ್ಟು ಪಾಪ ಆ ಹುಡುಗನ್ನ ಯಾಕ ಅಂತಿ? ತಲಬಾಗಲಕ ತಂದು ಕೇಳಬೇ" ಎಂದು ಆದೇಶಿಸಿರುತ್ತಾಳೆ (ಉಲ್ಲೇಖ 2).

ಆದ್ದರಿಂದ, ಸದರಿ ರಸೀದಿಯನ್ನು ಮರಳಿ ಜಾರಿಗೆ ತರಬೇಕಾಗಿ ವಿನಂತಿ. ಎಲ್ಲರಿಗೂ ಕೊಡುವುದು ಆಗದಿದ್ದಲ್ಲಿ, ಲೋಕಾಪುರದ ಒಂದು ವಿಳಾಸಕ್ಕೆ ಮಾತ್ರ, ಶನಿವಾರ ಸಂಜೆಯವರೆಗೆ ಕೊಟ್ಟರೂ ಆದೀತು. ಹಿಮದ ಬೆಟ್ಟವನ್ನು ಬೇಕಾದರೆ ವಾಪಸು ಪಡೆಯಬಹುದು.

ತಮ್ಮ ಹೊಸ ಪದ್ಧತಿಯನ್ನು ಗಮನಿಸಿ, ಅಡಕಗಳನ್ನೂ ಪ್ರತಿಯನ್ನೂ ಸಹಿಯ ಮೇಲೆಯೇ ಕೊಡಲಾಗಿದೆ.

ಅಡಕಗಳು:
ಅ. ಹಳೆಯ ರಸೀದಿಗಳು (ಒಂದನ್ನೂ ಅಳಿಸಿಲ್ಲ).
ಆ. "ಮುಂದೇನಾತ್ರಿ?" ಎಂಬ ಪತ್ರದ ಮುದ್ರಿತ ಪ್ರತಿ. ಮೂಲವನ್ನು ಯಾವ ಕಾರಣಕ್ಕೂ ಕೊಡಲಾಗದು.

ಪ್ರತಿ:
ಶ್ರೀ ಮಾಂತೇಶ, ಲಾರಿ ಕಚೇರಿ, ಲೋಕಾಪುರ, ಇವರಿಗೆ ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ. ಮೂರನೆಯ ಅಂಶದಲ್ಲಿನ ಪ್ರಶ್ನೆ ಕಥೆಯ ಹುಡುಗಿಯದಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಹುನ್ನೂರಿನವರು ರವಿವಾರ ಊಟದ ಹೊತ್ತಿಗೆ ಬರುವರು. ಲೋಕಾಪುರದಿಂದ ಬನಹಟ್ಟಿಗೆ ಬರುವ ಮೊದಲ ಬಸ್ಸು ಅದಕ್ಕೂ ಸಾಕಷ್ಟು ಮುಂಚೆ ಮುಟ್ಟುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ.

ರವಿವಾರದ ಊಟದ ಹೊತ್ತಿನವರೆಗೆ
ತಮ್ಮ ವಿಶ್ವಾಸಿ,

ಶೇವಂತಿ ಶಿ. ಕೊಣ್ಣೂರ